ಏಳನೆಯವಳು

ಬರ್ಲಿಂಗ್ಟನ್, ಹಾಸ್ಟೆಲ್ ರೂಮು
ಮಾರ್ಚ್ ೭, ಶನಿವಾರ

ಪ್ರೀತಿಯ ಅಮ್ಮನಿಗೆ,

ಫೋನ್ ಬಿಟ್ಟು ಕಾಗದ ಬರೆದಿದ್ದಾಳೆ, ಇವಳಿಗೆ ಏನೋ ಆಗಿದೆ ಎಂದು ಹೆದರಬೇಡ. ಜ್ವರ ಇಲ್ಲ. ಪರೀಕ್ಷೆಯಲ್ಲಿ ಫೇಲಾಗಿಲ್ಲ (ಕೆಮಿಸ್ಟ್ರಿ ಮಾತು ಆಮೇಲೆ ಆಡೋಣ). ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕಿ ಕಿಟಕಿಯ ಮೇಲಿಟ್ಟು ಪಾತ್ರೆ ತೊಳೆಯುತ್ತೀಯ. ಹಿಂದೆ ಮೇಜಿನಲ್ಲಿ ಗಿಲ್ ಮಾವ ಕಾಫಿ ಹೀರುತ್ತಾ ಕೂತಿರುತ್ತಾನೆ. ಈ ಮಾತು ಅವನ ಕಿವಿಗೆ ಬೀಳಬಾರದು. ಓದಿದ ಮೇಲೆ ಒಲೆಗೆ ಹಾಕಿಬಿಡು.

ಮಂಗಳವಾರದ ಊರಸಭೆಯ ವಿಷಯ. ನೀನೂ ಅಲ್ಲೇ ಇದ್ದೆ, ಆದರೆ ನನ್ನ ಕುರ್ಚಿಯಿಂದ ಅದು ಹೇಗೆ ಕಂಡಿತೆಂದು ನಿನಗೆ ಗೊತ್ತಿಲ್ಲ. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಹೋದ ವಾರ ನೀನು ಕೊಟ್ಟಿಗೆಯ ಪಕ್ಕದ ಹಾಲಿನ ಕೋಣೆಯಿಂದ ಪಿಸುಗುಟ್ಟುತ್ತಾ ಫೋನ್ ಮಾಡಿದೆಯಲ್ಲ, ಆ ಮಾತು ನನಗೆ ಬಾಯಿಪಾಠವಾಗಿದೆ. "ಮಂಗಳವಾರ ಬಾ. ಆ ವಲಸೆಯವರ ನಿರ್ಣಯ ಬರುತ್ತೆ. ಕೈ ಎತ್ತಿ ಅಂತಾರೆ. ಗಿಲ್ ನನ್ನ ಪಕ್ಕದಲ್ಲೇ ಕೂತಿರ್ತಾನೆ. ಏಳು ಜನ ಎದ್ದು ಕೇಳಿದ್ರೆ ಗುಟ್ಟಾಗಿ ಚೀಟಿ ಹಾಕಿಸ್ಲೇಬೇಕು, ಅದು ಕಾನೂನು. ಒಬ್ಬರು ಕಮ್ಮಿ ಬಿದ್ರೆ ನೀನು ಏಳು. ಓದೋ ಹುಡುಗಿ, ನೀನು ಎದ್ರೆ ಯಾರೂ ಏನೂ ಅಂದ್ಕೊಳ್ಳಲ್ಲ."

ಅಂದುಕೊಂಡರು ಅಮ್ಮ.

ವಲಸೆ ಅಧಿಕಾರಿಗಳು ಯಾರನ್ನಾದರೂ ಹಿಡಿಯಲು ಬಂದರೆ ನಮ್ಮೂರಿನ ಸಿಬ್ಬಂದಿ ಅವರಿಗೆ ನೆರವಾಗಬಾರದು ಎಂದು, ಸಭೆ ನಡೆಸುವ ವೆಂಡೆಲ್ ತಾತ ಮೈಕಿನಲ್ಲಿ ನಿರ್ಣಯ ಓದಿದಾಗ, ಶಾಲೆಯ ಜಿಮ್ಮಿನಲ್ಲಿ ಮಡಿಸುವ ಕುರ್ಚಿಗಳ ಕಿರುಗುಟ್ಟುವ ಸದ್ದೂ ನಿಂತುಹೋಯಿತು. ಗಡಿ ಕಾಯುವ ನೌಕರಿಯ ಗಿಲ್ ಮಾವ ಯೂನಿಫಾರ್ಮ್ ಬಿಟ್ಟು ಬೇಟೆಯ ಜಾಕೆಟ್ ಹಾಕಿಕೊಂಡು ಬಂದಿದ್ದ. ನೀನು ಅವನ ಪಕ್ಕದಲ್ಲಿ ಹೆಣೆಯುವ ಕಡ್ಡಿ ಹಿಡಿದು ಒಂದೇ ಸಾಲನ್ನು ಬಿಚ್ಚುತ್ತಾ ಹೆಣೆಯುತ್ತಾ ಕೂತಿದ್ದೆ. ಜೀವಮಾನದಲ್ಲಿ ಊರಸಭೆಯಲ್ಲಿ ಬಾಯಿ ಬಿಡದ ಪರ್ಲಿ ತಾತ ಎಲ್ಲರಿಗಿಂತ ಮೊದಲು ಎದ್ದು, ಕೆಮ್ಮಿ, "ಚೀಟಿ ಬೇಕು" ಅಂದ. ಆಮೇಲೆ ಐದು ಜನ ಎದ್ದರು. ವೆಂಡೆಲ್ ತಾತ ಬೆರಳು ಮಡಚಿ ಎಣಿಸಿ, "ಆರು. ಏಳನೆಯವರು ಯಾರಾದ್ರೂ ಇದ್ದೀರಾ, ಇಲ್ಲಾ ಕೈ ಎತ್ತಿಸಿ ಊಟಕ್ಕೆ ಹೋಗೋಣ್ವಾ?" ಎಂದು ಕೇಳಿದ. ನೀನು ಕಡ್ಡಿಯಿಂದ ತಲೆ ಎತ್ತಲಿಲ್ಲ. ನಾನು ಎದ್ದೆ.

ಗುಟ್ಟು ಬೇಕು ಎಂದು ಕೇಳಬೇಕಾದರೆ ಊರೆಲ್ಲ ನೋಡುವಂತೆ ಎದ್ದು ನಿಲ್ಲಬೇಕು. ಈ ಕಾನೂನು ಮಾಡಿದ ಹಿರಿಯರಿಗೆ ಇದು ಹೊಳೆದಿರಲಿಲ್ಲವೋ, ಹೊಳೆದೇ ಮಾಡಿದರೋ. ಒಪ್ಪಿಗೆ ಇರುವವಳು ಯಾಕೆ ಅಡಗಿಕೊಳ್ಳುತ್ತಾಳೆ, ಒಪ್ಪಿಗೆ ಇಲ್ಲದವಳೇ ಇರಬೇಕು ಎಂದು ಎಲ್ಲರ ಕಣ್ಣಿನಲ್ಲೂ ಇತ್ತು. ಸಭೆಯ ಊಟದಲ್ಲಿ ಬೀನ್ಸ್ ಬಡಿಸುತ್ತಿದ್ದ ಟೀಚರ್ ನನ್ನ ತಟ್ಟೆಗೆ ಒಂದೇ ಸೌಟು ಹಾಕಿದರು. ಚೀಟಿ ಎಣಿಸಿದಾಗ ನಿರ್ಣಯ ಎರಡೇ ಮತದ ಅಂತರದಲ್ಲಿ ಬಿದ್ದುಹೋಯಿತು. ಸಂಜೆಗೆ ನಮ್ಮ ಕಡೆಯ ಪತ್ರಿಕೆಯವರು ಫೋನಿನಲ್ಲಿ ನೋಡುವ ಸುದ್ದಿಯಲ್ಲಿ ನಾನು ನಿಂತಿರುವ ಫೋಟೋವನ್ನೇ ಹಾಕಿದರು.

ನಾನು ನಿರ್ಣಯದ ಪರವಾಗಿ ಹಾಕಿದೆ ಅಮ್ಮ. ನನ್ನ ಮೊದಲ ಮತ. ಊರಿನ ಸಿಬ್ಬಂದಿ ಇರುವುದು ಹಿಮ ತೆಗೆಯಲು, ರಸ್ತೆಗೆ ಜಲ್ಲಿ ಹಾಕಲು. ಜನರನ್ನು ಹಿಡಿದು ಕೊಡಲು ಅಲ್ಲ. ಇದು ಕಾಲೇಜಿನಲ್ಲಿ ಕಲಿತ ಮಾತಲ್ಲ, ನಮ್ಮ ಕೊಟ್ಟಿಗೆಯಲ್ಲಿ ಕಲಿತದ್ದು. ನೀನು ಏನು ಹಾಕಿದೆ ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಹಿಂದಿನ ದೊಡ್ಡ ಚುನಾವಣೆಯಲ್ಲಿ ಅಂಗಳದಲ್ಲಿ ನೀನು ಯಾರ ಬೋರ್ಡು ನೆಟ್ಟಿದ್ದೆ ಎಂಬುದು ಊರಿಗೇ ಗೊತ್ತು. ಎಲ್ಲರನ್ನೂ ವಾಪಸು ಕಳಿಸುತ್ತೇನೆ ಅಂದವನ ಬೋರ್ಡು. ನಾನು ಜಗಳ ಆಡಿದಾಗ, "ನಾನು ಹಾಲಿನ ಬೆಲೆ ನೋಡಿ ಹಾಕಿದ್ದು ಕಣೆ, ಎಫ್ರಾಯಿನ್ ಮೇಲೆ ಅಲ್ಲ" ಅಂದಿದ್ದೆ. ಏಳು ವರ್ಷದಿಂದ ನಮ್ಮ ಹಸು ಕರೆಯುವ ಎಫ್ರಾಯಿನ್ ಆಗ ಆ ಬೋರ್ಡಿನ ಸುತ್ತಲೂ ಹುಲ್ಲು ಕತ್ತರಿಸುತ್ತಿದ್ದ. ಅದರ ಕಾಲಿಗೆ ಯಂತ್ರ ತಾಗದ ಹಾಗೆ, ಮೊಣಕಾಲೂರಿ, ಕತ್ತರಿಯಲ್ಲಿ. ಅದನ್ನು ನೋಡಿದ ದಿನದಿಂದ ನನಗೆ ನಿನ್ನ ಜೊತೆ ಜಗಳ ಆಡುವ ಶಕ್ತಿಯೂ ಹೋಯಿತು.

ಇಲ್ಲಿ ಹಾಸ್ಟೆಲಿನಲ್ಲಿ ಅಭಿಪ್ರಾಯಗಳನ್ನು ಬಾಗಿಲಿಗೆ ಅಂಟಿಸುತ್ತಾರೆ. ಗಾಜಾ, ಬಂದೂಕು, ಗರ್ಭಪಾತ, ಒಂದೊಂದಕ್ಕೂ ಒಂದೊಂದು ಸ್ಟಿಕ್ಕರ್. ನನ್ನ ಅರ್ಧ ಬಾಗಿಲು ಖಾಲಿ ಇದೆ ಎಂದು ಅವರಿಗೆಲ್ಲ ನನ್ನ ಮೇಲೆ ಮೊದಲೇ ಅನುಮಾನ ಇತ್ತು. ಬುಧವಾರ ಬಂದು ಬ್ಯಾಗು ಇಳಿಸುವ ಮೊದಲೇ ರೂಮ್‌ಮೇಟ್ ಮಾರೆನ್, "ಬಾರಮ್ಮ, ನಿಮ್ಮೂರ ಪೇಪರಲ್ಲಿ ಸ್ಟಾರ್ ಆಗಿಬಿಟ್ಟೆಯಲ್ಲ" ಅಂದಳು. ವಿವರಿಸಲು ಬಾಯಿ ತೆರೆದೆ. ಏನು ಹೇಳಲಿ? ನನ್ನ ಅಮ್ಮನಿಗೋಸ್ಕರ ಎದ್ದೆ ಅಂದರೆ, ನಿನ್ನ ಅಮ್ಮ ಯಾಕೆ ಏಳಲಿಲ್ಲ ಅನ್ನುತ್ತಾಳೆ. ಅದಕ್ಕೆ ಉತ್ತರ ಹೇಳಿದರೆ ನಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುವವನು ಯಾರು, ಅವನ ಬಳಿ ಕಾಗದಪತ್ರ ಇದೆಯೇ ಎಂಬಲ್ಲಿಗೆ ಹೋಗುತ್ತದೆ. ಬ್ಯಾಗು ಬಿಚ್ಚತೊಡಗಿದೆ. ಈಗ ಅವಳು ಊಟಕ್ಕೆ ನನ್ನನ್ನು ಕಾಯುವುದಿಲ್ಲ. ಹದಿನಾಲ್ಕನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು, ಒಬ್ಬಳೇ ತಟ್ಟೆ ಹಿಡಿದು ನಿಲ್ಲುವುದು ಅಭ್ಯಾಸ ಇದೆ. ಇದನ್ನು ಸಹಿಸುತ್ತೇನೆ.

ಸಹಿಸಲಾಗದ್ದು ಬೇರೆ ಇದೆ.

ಸಭೆ ಮುಗಿದ ಸಂಜೆ ಕೊಟ್ಟಿಗೆಗೆ ಹೋದೆ. ಎಫ್ರಾಯಿನ್ ಕೆಚ್ಚಲು ಒರೆಸುತ್ತಾ, "ಏನೇ ಕರು, ಊರು ಏನಂತು?" ಎಂದು ಕೇಳಿದ. ನಾನು ಚಿಕ್ಕವಳಿದ್ದಾಗ ಸಗಣಿಯಲ್ಲಿ ಜಾರಿ ಬಿದ್ದ ದಿನ ಇಟ್ಟ ಹೆಸರು ಅದು. "ಬಿದ್ದುಹೋಯ್ತು" ಅಂದೆ. ಅವನು ನಕ್ಕು, "ಹೋಗ್ಲಿ ಬಿಡು, ನಿನ್ನ ಹಸುಗಳು ನನ್ನ ಪರ ಹಾಕ್ತವೆ" ಅಂದ. ಮಾರನೆಯ ಬೆಳಿಗ್ಗೆ ಹೊರಡುವ ಮುಂಚೆ ಹೇಳಿ ಬರೋಣ ಎಂದು ಹೋದೆ. ಅಷ್ಟರಲ್ಲಿ ಆ ಫೋಟೋ ಅವನ ಫೋನಿಗೂ ಬಂದಿತ್ತು. ಅವನು ಪೈಪು ಪಕ್ಕಕ್ಕೆ ಎಳೆದುಕೊಂಡು, ನನ್ನ ಮುಖ ನೋಡದೆ, "ನೀವು ಸ್ವಲ್ಪ ಹುಷಾರಾಗಿ ಹೋಗಿ, ನೆಲ ಒದ್ದೆ ಇದೆ" ಅಂದ.

ನೀವು ಅಂದ ಅಮ್ಮ. ಏಳು ವರ್ಷದಲ್ಲಿ ಮೊದಲ ಸಲ.

ಬಾಗಿಲಾಚೆ ನಿಂತ ನನಗೆ ಅವನು ಫೋನಿನಲ್ಲಿ ಆಡಿದ ಮಾತೂ ಕೇಳಿಸಿತು. ನ್ಯೂಯಾರ್ಕ್ ಕಡೆಯ ಯಾವುದೋ ಡೈರಿಯಲ್ಲಿ ಅವನ ಭಾವ ಇದ್ದಾನಂತೆ, ಜಾಗ ಇದೆಯಂತೆ. ಅಲ್ಲಿಗೆ ಹೋಗುವ ಹೆದ್ದಾರಿಯಲ್ಲಿ ಈಗ ಎಲ್ಲೆಲ್ಲಿ ಗಾಡಿ ನಿಲ್ಲಿಸಿ ಕಾಗದಪತ್ರ ಕೇಳುತ್ತಾರೆಂದು ನಿನಗೆ ಗೊತ್ತು. ನಾನು ಒಳಗೆ ಹೋಗಿ, ಎದ್ದದ್ದು ನಾನು, ಎಬ್ಬಿಸಿದ್ದು ಅಮ್ಮ ಎಂದು ಹೇಳಬಹುದಿತ್ತು. ಹೇಳಿದರೆ, ತನಗೆ ಅನ್ನ ಹಾಕುವ ಯಜಮಾನಿ ತನಗಾಗಿ ಒಡಹುಟ್ಟಿದ ತಮ್ಮನ ಎದುರು ಒಂದು ಕೈ ಎತ್ತಲಾರಳು ಎಂದು ಅವನಿಗೆ ಗೊತ್ತಾಗುತ್ತಿತ್ತು. ಅದು ಇದಕ್ಕಿಂತ ಕೆಟ್ಟದು ಅನ್ನಿಸಿತು. ಹೇಳದೆ ಬಂದೆ.

ನೀನೇ ಹೇಳಬೇಕು. ಅವನು ಗಂಟು ಕಟ್ಟುವ ಮೊದಲು. ಹೇಗೆ ಹೇಳುತ್ತೀಯೋ ನನಗೆ ಗೊತ್ತಿಲ್ಲ. ನೀನು ಯಾವ ಚೀಟಿ ಹಾಕಿದೆ ಎಂದು ಹೇಳುವುದು ಬೇಡ, ಹುಡುಗಿಯನ್ನು ಎಬ್ಬಿಸಿದ್ದು ನಾನು ಅಂದರೆ ಸಾಕು. ಅವನು ಮತ್ತೆ ನನ್ನನ್ನು ಕರು ಅನ್ನದಿದ್ದರೂ ಸರಿ, ಆ ಹೆದ್ದಾರಿ ಹಿಡಿಯದಿರಲಿ.

ಹಸು ಜಿನೆಟ್ ಕರು ಹಾಕಿದರೆ ತಿಳಿಸು. ಬೆನ್ನು ನೋವಿಗೆ ಕಳಿಸಿದ ಎಣ್ಣೆ ಹಚ್ಚಿಕೋ, ಬೀರುವಿನಲ್ಲಿ ಇಡಬೇಡ.

ನಿನ್ನ
ಕೊರಿನ್

ತಾ. ಕ.: ಇದನ್ನು ಬರೆಯಬಾರದು ಎಂದುಕೊಂಡು ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದ್ದೇನೆ. ಬುಧವಾರ ಗಿಲ್ ಮಾವ ನನ್ನನ್ನು ಟ್ರಕ್ಕಿನಲ್ಲಿ ಇಲ್ಲಿಗೆ ತಂದು ಬಿಟ್ಟನಲ್ಲ. ಅರ್ಧ ದಾರಿಯಲ್ಲಿ ರಸ್ತೆ ನೋಡುತ್ತಲೇ, "ನೀನು ಎದ್ದಿದ್ದು ಒಳ್ಳೇದಾಯ್ತು ಮರಿ" ಅಂದ. "ಪರ್ಲಿಗೆ ಎರಡು ಬಾಟ್ಲಿ ಕೊಡಿಸಿ ಎಬ್ಬಿಸಿದ್ದೇ ನಾನು. ಆರಕ್ಕೆ ನಿಂತಾಗ ಜೀವ ಬಾಯಿಗೆ ಬಂದಿತ್ತು. ನಿಮ್ಮಮ್ಮನ ಪಕ್ಕ ಕೂತು ನಾನು ಹೇಗೆ ಕೈ ಎತ್ಲಿ?" ಯಾವ ಕಡೆಗೆ ಎಂದು ನಾನು ಕೇಳಲಿಲ್ಲ. ಆಮೇಲೆ ಅವನೇ, "ಆ ಕೊಟ್ಟಿಗೆ ಹಿಂದಿನ ಟ್ರೇಲರ್‌ನಲ್ಲಿ ಹೀಟರ್ ರಿಪೇರಿ ಆಯ್ತಾ? ಹಾಲು ಕರೆಯೋ ಹುಡುಗ ಕೋಟು ಹಾಕ್ಕೊಂಡೇ ಮಲಗ್ತಿದ್ದಾನೆ" ಅಂದ. ಇಳಿಯುವಾಗ, "ಅಮ್ಮನಿಗೆ ಹೇಳ್ಬೇಡ" ಅಂದ. ಸರಿ ಅಂದೆ. ಗಿಲ್ ಮಾವನಿಗೆ ಗೊತ್ತಾಗಬಾರದು ಅಂದಾಗ ನಿನಗೂ ಸರಿ ಅಂದಿದ್ದೆ. ಎರಡು ಸರಿಗಳನ್ನು ಹೊತ್ತು ನನಗೆ ನಿದ್ದೆ ಬರುತ್ತಿಲ್ಲ. ಕಾಗದ ಒಲೆಗೆ ಹಾಕಬೇಡ ಅಮ್ಮ. ಬೆಳಿಗ್ಗೆ ಅವನಿಗೆ ಕಾಫಿ ಕೊಟ್ಟಾಗ ಲೋಟದ ಪಕ್ಕ ಇಟ್ಟು, ನೀನು ಕೊಟ್ಟಿಗೆಗೆ ಹೋಗಿಬಿಡು.