ಹೊಗಳಿದರೆ ಕೊಡಬೇಕು

ಮಾಂಗೆರೆ, ಆಕ್ಲೆಂಡ್
ಮೇ ಹನ್ನೆರಡು, ಸೋಮವಾರ

ಪ್ರೀತಿಯ ಲೊಪೆಟಿಯವರಿಗೆ,

ಅತ್ತೆಯ ಉಸಿರಾಟ ಈಗ ಹೇಗಿದೆ? ಮಲಗುವಾಗ ತಲೆದಿಂಬು ಎತ್ತರಿಸುತ್ತಿದ್ದೀರಾ? ನಿಮ್ಮ ಅಣ್ಣ ಮೀನು ತಂದರೆ ಅತ್ತೆಗೆ ಮುಳ್ಳು ತೆಗೆದು ಕೊಡಿ, ಅವರಿಗೆ ಕಣ್ಣು ಕಾಣಿಸುವುದಿಲ್ಲ, ಕಾಣಿಸುತ್ತದೆ ಎಂದು ಹಟ ಬೇರೆ. ನೀವೂ ಹೊಟ್ಟೆ ನೋಡಿಕೊಳ್ಳಿ. ಹುಟ್ಟಿದ ದ್ವೀಪ ವವಾಉಗೆ ಹೋದ ಕೂಡಲೇ ತೆಂಗಿನಹಾಲು ಕಂಡರೆ ನಿಮಗೆ ವಯಸ್ಸು ಮರೆತುಹೋಗುತ್ತದೆ. ಇಲ್ಲಿ ಚಳಿ ಶುರುವಾಗಿದೆ. ನನ್ನ ಮಂಡಿನೋವು ನನ್ನ ಜೊತೆ ಸುಖವಾಗಿದೆ.

ನಾವೆಲ್ಲ ಪಾತಿ ಹಂಚಿಕೊಂಡಿರುವ ತೋಟದ ಗೇಟಿನ ಬೀಗದಕೈ ಈಗಲೂ ನನ್ನ ಕೊರಳಲ್ಲೇ ನೇತಾಡುತ್ತಿದೆ. ನಿಮ್ಮ ಗೆಳೆಯ ಕಲೋಲೊ ತನ್ನ ಪಾತಿಗೆ ಪೈಪು ಹಾಕಿದರೆ ಊರಿಗೆಲ್ಲ ನೀರಿಲ್ಲ. ಕೇಳಿದರೆ "ಲೊಪೆಟಿ ಇದ್ದಿದ್ರೆ ಇಷ್ಟು ಕೂಗಾಡ್ತಿರ್ಲಿಲ್ಲಪ್ಪ" ಎನ್ನುತ್ತಾನೆ. "ಲೊಪೆಟಿ ಇದ್ದಿದ್ರೆ ನೀನು ಇಷ್ಟು ಮೆರೀತಿರ್ಲಿಲ್ಲ" ಎಂದೆ ನಾನು. ಶನಿವಾರ ಬೆಳಿಗ್ಗೆ ಗೇಟಿನ ಹೊರಗಿನ ಬೆಂಚಿನ ಮೇಲೆ ಹೆಚ್ಚಿನ ತರಕಾರಿ ಇಡುವುದು ನಿಂತಿಲ್ಲ. ಬೀದಿಯವರು ಬಂದು ಬೇಕಾದ್ದು ಒಯ್ಯುತ್ತಾರೆ, ಆ ಅವಳಿ ಮಕ್ಕಳ ತಾಯಿಗೆ ಒಂದು ಸಿಹಿಗುಂಬಳ ನಾನೇ ಎತ್ತಿಟ್ಟಿರುತ್ತೇನೆ. ಇನ್ನು ನಿಮ್ಮ ಬಳ್ಳಿಗೆಣಸು. ಹೊರಡುವಾಗ "ಬೇರೆಲ್ಲ ಹೋದ್ರೂ ಪರವಾಗಿಲ್ಲ, ಇದೊಂದು ಕಾಪಾಡು, ನಾನೇ ಬಂದು ಅಗೀತೀನಿ" ಅಂದಿರಲ್ಲ, ಈ ಚಳಿಯೂರಿನಲ್ಲಿ ಇಟ್ಟಿಗೆ ಗೋಡೆಯ ಬಿಸಿಗೆ ಒರಗಿಸಿ ಮಗುವಿನಂತೆ ಸಾಕಿದಿರಲ್ಲ, ಅದು ಗೋಡೆ ಹತ್ತಿ ಆಚೆ ಇಣುಕುತ್ತಿದೆ. ಅದನ್ನು ಉಳಿಸಲು ನಾನು ಪಟ್ಟ ಪಾಡು ಕೇಳಿ.

ನೀವು ಹೋದ ಮೇಲೆ ನಲ್ಲಿಯ ಪಕ್ಕದ ಪಾತಿಗೆ ಹೊಸಬಳು ಬಂದಳು. ಡೊರೀನ್ ಎಂದು ಹೆಸರು, ಬಿಳಿಯ ಹೆಂಗಸು, ನನ್ನದೇ ವಯಸ್ಸು, ಗಂಡ ಹೋದ ವರ್ಷ ತೀರಿಕೊಂಡ. ಮೊದಲ ದಿನವೇ ನನ್ನ ಕೆಸುವಿನ ಮುಂದೆ ನಿಂತು "ಅಬ್ಬಾ, ಎಂಥ ಎಲೆ!" ಅಂದಳು. ನಮ್ಮ ಪದ್ಧತಿ ನಿಮಗೆ ನಾನು ಹೇಳಬೇಕೇ? ನಮ್ಮದೊಂದನ್ನು ಯಾರಾದರೂ ಹೊಗಳಿದರೆ ಕೇಳಿದ ಹಾಗೇ ಲೆಕ್ಕ, ಕೊಡದಿದ್ದರೆ ಮನೆಯ ಮಾನ ಹೋಯಿತು. ಗಡ್ಡೆ ಸಮೇತ ಕಿತ್ತು ಕೊಟ್ಟೆ. ಮರುದಿನ ಕುಂಬಳ ಹೊಗಳಿದಳು, ಅದೂ ಹೋಯಿತು. ಆಮೇಲೆ ನನ್ನ ಹುಲ್ಲಿನ ಟೋಪಿ, ಬೀಸಣಿಗೆ. ಪ್ರತಿ ಸಲ ಪಾಪ ಒಂದು ಬಾಟಲಿ ಕಿತ್ತಳೆ ಜಾಮ್ ತಂದುಕೊಡುತ್ತಿದ್ದಳು, ನಾನೋ ಮನಸ್ಸಿನಲ್ಲೇ "ಎಲಾ ಇವಳಾ! ಕಣ್ಣಿಗೆ ಬಿದ್ದಿದ್ದನ್ನೆಲ್ಲ ಕೇಳ್ತಾಳಲ್ಲ, ಒಂಚೂರು ನಾಚಿಕೆ ಬೇಡ್ವಾ" ಎಂದುಕೊಳ್ಳುತ್ತಿದ್ದೆ.

ಒಂದು ದಿನ ಅವಳು ಗೋಡೆಯ ಕಡೆಗೇ ನಡೆದುಬಂದಳು. ಗೆಣಸನ್ನು ಹೊಗಳಿದರೆ ಕೊಡದೆ ಇರಲಾರೆ, ಕೊಟ್ಟರೆ ನಿಮಗೆ ಮುಖ ತೋರಿಸಲಾರೆ. ಕಾರಿನ ಹಿಂದಿನ ಸೀಟಿನಿಂದ ಕೌದಿ ಎಳೆದು ತಂದು ಬಳ್ಳಿಯ ಮೇಲೆ ಹರವಿ, ಒಣಗಲು ಹಾಕಿದವಳಂತೆ ನಿಂತೆ. ಅವಳು ಬಂದಳು, ಕಣ್ಣರಳಿಸಿದಳು. "ಎಷ್ಟು ಚೆಂದದ ಕೌದಿ!" ನಗಬೇಡಿ. ನಮ್ಮ ಮಗಳು ಹೊಲಿದ ಕೌದಿ ಅದು. ಮಡಿಸಿ ಅವಳ ಕೈಗಿಟ್ಟು, ಮನೆಗೆ ಬಂದು ಒಬ್ಬಳೇ ಕೂತು ಅತ್ತುಬಿಟ್ಟೆ.

ಇದನ್ನೆಲ್ಲ ನೋಡಿದ ಕಲೋಲೊ ನನಗೆ ಹೇಳದೆ ಅವಳ ಕಿವಿಯಲ್ಲಿ ಏನೋ ಊದಿದ. ಅಷ್ಟೇ, ಮಾರನೇ ದಿನದಿಂದ ಡೊರೀನ್ ಬೇರೆಯೇ ಹೆಂಗಸು. "ಈ ಬೀನ್ಸೇನು ಹೀಗೆ ಒಣಕಲು?" "ಈ ಕೆಸು ನಂಗಂತೂ ಬೇಡಪ್ಪ." ನನಗೆ ಮೈಯೆಲ್ಲ ಉರಿದುಹೋಯಿತು. "ನಿನ್ನೆವರೆಗೂ ತಿಂದಿದ್ದು ಯಾರಮ್ಮಾ, ನಿನ್ನ ಬೆಕ್ಕಾ?" ಎಂದು ಎಲ್ಲರೆದುರಿಗೆ ಕೇಳಿಯೇಬಿಟ್ಟೆ. ಅವಳ ಕಣ್ಣು ತುಂಬಿಬಂತು. "ಹೊಗಳಿದ್ರೆ ನೀನು ಕೊಡ್ಲೇಬೇಕಂತಲ್ಲ ತೆಲೇಸಿಯಾ, ನಂಗೆ ಗೊತ್ತಿರ್ಲಿಲ್ಲ ಕಣೇ. ನಿನ್ನ ಪಾತಿನೇ ಖಾಲಿ ಮಾಡ್ಬಿಟ್ಟೆ. ಬೈದ್ರಾದ್ರೂ ನಿಂಗೆ ಉಳಿಯುತ್ತೆ ಅಂದ್ಕೊಂಡೆ" ಅಂದಳು. ಮನೆಯಲ್ಲಿ ಮಾತಾಡಲು ಯಾರೂ ಇಲ್ಲವಲ್ಲ, ತೋಟಕ್ಕೆ ಬಂದಾಗ ನಾಲ್ಕು ಒಳ್ಳೆಯ ಮಾತಾಡಿ ಸ್ನೇಹ ಮಾಡೋಣ ಎಂದಿದ್ದಳಂತೆ, ಅಷ್ಟೇ.

ನನಗೆ ಅಳುವೂ ಬಂತು, ನಗುವೂ ಬಂತು. ಅವಳು ಕೌದಿ ವಾಪಸು ತಂದಳು. "ಕೊಟ್ಟಿದ್ದನ್ನ ತಿರುಗಿ ತಗೊಳ್ಳೋ ಪೈಕಿ ನಾನಲ್ಲ, ಹೊದ್ಕೊಂಡು ಮಲ್ಕೋ ಹೋಗು" ಎಂದು ಗದರಿಸಿ ಕಳಿಸಿದೆ. ಆದರೆ ಅವಳು ಹೊದ್ದುಕೊಳ್ಳಲಿಲ್ಲ, ಚಳಿ ಜಾಸ್ತಿಯಾದ ದಿನ ಅದೇ ಕೌದಿಯನ್ನು ನಿಮ್ಮ ಗೆಣಸಿನ ಬುಡಕ್ಕೆ ಹೊದಿಸಿದಳು. ಈಗ ದಿನಾ ಬೆಳಿಗ್ಗೆ ಬಳ್ಳಿಯ ಮುಂದೆ ನಿಂತು, ನನಗೆ ಕೇಳಿಸುವ ಹಾಗೆ "ಅಯ್ಯೋ, ಎಂಥ ದರಿದ್ರ ಬಳ್ಳಿ!" ಎಂದು ಕೂಗಿ ನಗುತ್ತಾಳೆ. ನನಗೆ ಅವಳೆಂದರೆ ಪ್ರಾಣವಾಗಿಬಿಟ್ಟಿದೆ.

ನಿಮ್ಮ ಪತ್ರ ಬಂತು. ಅತ್ತೆ ಎದ್ದು ಓಡಾಡುತ್ತಿದ್ದಾರೆ, ಚರ್ಚಿಗೂ ಹೋಗಿಬಂದರು ಎಂದು ಓದಿ ನೆಮ್ಮದಿಯಾಯಿತು. ಅದರ ಕೆಳಗೇ "ಇನ್ನೊಂದು ಬೆಳೆ ನೋಡಿಕೊಂಡು ಬರೋಣ ಅಂತಿದ್ದೇನೆ" ಎಂದು ಬರೆದಿದ್ದೀರಿ. ತಾಯಿ ಎಂದರೆ ತಾಯಿ, ನಾನೇನೂ ಹೇಳುವುದಿಲ್ಲ. ಗೆಣಸಿನ ಎಲೆ ಹಳದಿಯಾಗಿದೆ, ಅಗೆಯುವ ಕಾಲ ಬಂತು ಎಂದು ಮಾತ್ರ ತಿಳಿಸುತ್ತೇನೆ. ಮಳೆಗಾಲದ ನೀರು ನಿಂತರೆ ಮಣ್ಣಿನಲ್ಲೇ ಕೊಳೆಯುತ್ತದೆ. ಕಲೋಲೊ ಹಾರೆ ಹಿಡಿದು ಬಂದಿದ್ದ, ಓಡಿಸಿದೆ.

ಅಣ್ಣನವರಿಗೆ, ಅತ್ತಿಗೆಗೆ, ಮಕ್ಕಳಿಗೆಲ್ಲ ನನ್ನ ಪ್ರೀತಿ ತಿಳಿಸಿ. ಅತ್ತೆಯ ಕೈಗೆ ನನ್ನ ಪರವಾಗಿ ಮುತ್ತಿಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ತೆಲೇಸಿಯಾ

ಮರೆತಿದ್ದೆ: ಆವತ್ತು ಅತ್ತೆ ಫೋನಿನಲ್ಲಿ ಕೆಮ್ಮುತ್ತಾ "ತೆಲೇಸಿಯಾ, ನಿನ್ ಗಂಡ ಎಷ್ಟ್ ಒಳ್ಳೆಯವನೇ" ಅಂದರಲ್ಲ, ನಾನು ಎದುರಾಡದೆ ನಿಮ್ಮ ಬಟ್ಟೆ ಮಡಿಸಿ ಪೆಟ್ಟಿಗೆ ತುಂಬಿಸಿಕೊಟ್ಟೆ. ಈಗ ಈ ಒಂದು ಸಾಲನ್ನು ಅವರಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದಿ: "ಅತ್ತೆ, ನಿಮ್ಮ ಮಗ ಎಷ್ಟು ಒಳ್ಳೆಯವರು!" ಸಾಕು. ಅವರು ನಮ್ಮ ಪೈಕಿಯವರೇ, ಪೆಟ್ಟಿಗೆ ಅವರೇ ಕಟ್ಟುತ್ತಾರೆ.