ಪಪ್ಪನ ಅಂಗುಳಿಗೆ ಅಂಟಿದ್ದು

4-2-83, ಶುಕ್ರವಾರ, ಬೆಳ್ಮಣ್

ಇವತ್ತು ಮಾಡಿದ್ದನ್ನು ಯಾರಿಗೂ ಹೇಳುವ ಹಾಗಿಲ್ಲ.

ತಿಂಗಳ ಮೊದಲ ಶುಕ್ರವಾರವೆಂದು ಬೆಳಿಗ್ಗೆ ಫಾದರ್ ಮನೆಗೇ ಬಂದು ಪಪ್ಪನಿಗೆ ಪರಮಪ್ರಸಾದ ಕೊಟ್ಟರು, ಯೇಸುವಿನ ಶರೀರವೇ ಆದ ಆ ತೆಳು ರೊಟ್ಟಿಯ ಉಗುರಿನಷ್ಟು ಚೂರು. ಪಕ್ಷವಾತ ಆದಮೇಲೆ ಪಪ್ಪನಿಗೆ ನೀರು ಕೂಡ ಸರಿಯಾಗಿ ಇಳಿಯುವುದಿಲ್ಲ. ಅಮ್ಮನಿಗೆ ಖುಷಿಯೋ ಖುಷಿ. “ನೋಡಿದೆಯಾ ಪುತಾ, ನಿನ್ನ ಗಂಜಿಗೆ ಕೆಮ್ಮುತ್ತಾರೆ. ದೇವರು ಹೇಗೆ ಸಲೀಸಾಗಿ ಇಳಿದರು!”

ನನ್ನ ಗಂಜಿಯಂತೆ. ಮೂರು ತಿಂಗಳಿಂದ ಆ ಬಾಯಿಗೆ ಬೆರಳು ಹಾಕುವವನು ನಾನೊಬ್ಬನೇ. ಅಣ್ಣ ಲಿಯೋನೆಲ್ ಬಹರೈನಿನಿಂದ ಬರೆಯುತ್ತಾನೆ, ಚೆನ್ನಾಗಿ ನೋಡಿಕೋ ಎಂದು.

ಮಧ್ಯಾಹ್ನ ಗಂಜಿಗೆ ಮೊದಲು ಬೆರಳಿಗೆ ಒದ್ದೆ ಬಟ್ಟೆ ಸುತ್ತಿದೆ. ಅಮ್ಮ ತಡೆದಳು. “ಇವತ್ತು ಒರೆಸಬೇಡ ಮಾರಾಯ, ಪರಮಪ್ರಸಾದ ಹೋದ ಬಾಯಿ ಅಲ್ವಾ?”

“ಒರೆಸದಿದ್ದರೆ ಬಾಯಿಯ ಕೊಳೆಯೆಲ್ಲ ಶ್ವಾಸಕೋಶಕ್ಕೆ ಇಳಿಯುತ್ತದೆ ಅಂತ ಮಣಿಪಾಲದ ನರ್ಸ್ ಹೇಳಿದ್ದು ನೆನಪುಂಟಾ?”

ಮುಖ ಊದಿಸಿಕೊಂಡು ಒಳಗೆ ಹೋದಳು.

ಆ ಚೂರು ಪಪ್ಪನ ಒಣ ಅಂಗುಳಿಗೆ ಅಂಟಿಕೊಂಡೇ ಇತ್ತು. ಇಳಿದಿರಲೇ ಇಲ್ಲ. ಬಟ್ಟೆಯಲ್ಲಿ ಎದ್ದು ಬಂತು. ಅದನ್ನು ಎಸೆಯುವುದು ಪಾಪ. ತೋರಿಸಿದರೆ ಅಮ್ಮ ಕುಸಿದುಹೋಗುತ್ತಾಳೆ. ನಾನು ಫಾದರ್ ಹತ್ತಿರ ಪಾಪನಿವೇದನೆ ಮಾಡಿ ಎರಡು ವರ್ಷವಾಯಿತು, ಅದನ್ನು ಮಾಡದೆ ಪ್ರಸಾದ ಸ್ವೀಕರಿಸುವುದೂ ಪಾಪ. ಪಪ್ಪ ನನ್ನನ್ನೇ ನೋಡುತ್ತಿದ್ದರು. ಚಿಕ್ಕವನಿದ್ದಾಗ ಚರ್ಚಿನ ಪೂಜೆ ತಪ್ಪಿಸಿದ್ದಕ್ಕೆ ನನಗೆ ಬೆಲ್ಟಿನಲ್ಲಿ ಹೊಡೆದ ಮನುಷ್ಯ. ಅವರೆದುರೇ, ಅವರ ಎಂಜಲಿನ ಸಮೇತ, ಬಾಯಿಗೆ ಹಾಕಿ ನುಂಗಿದೆ.

“ಇಳಿಯಿತಾ?” ಅಮ್ಮ ಒಳಗಿಂದ ಕೇಳಿದಳು, ಗಂಜಿಯ ಬಗ್ಗೆ.

“ಇಳಿಯಿತು.”

ಈಗ ಮಲಗುವ ಮೊದಲು ಒರೆಸಲು ಹೋದಾಗ ಪಪ್ಪ ಬೆರಳು ಕಚ್ಚಿದರು. ಮೂರು ತಿಂಗಳಲ್ಲಿ ಇದೇ ಮೊದಲು. ದವಡೆಯಲ್ಲಿ ಇಷ್ಟು ಬಲ ಉಂಟೆಂದು ಗೊತ್ತಿರಲಿಲ್ಲ. ಪೆನ್ನು ಹಿಡಿಯಲಿಕ್ಕೂ ನೋವು. ನಾಳೆ ಬೆಳಿಗ್ಗೆ ಮತ್ತೆ ಅದೇ ಬಾಯಿಗೆ ಬೆರಳು ಹಾಕಬೇಕು.