ಜೋರಾಗಿ ಊದಲು ಹೇಳಿದ ಅಧಿಕಾರಿಗೆ

ಮಾನ್ಯರೇ,

ಈ ಗೌರವ ನಿಮ್ಮ ಹುದ್ದೆಗೆ ಸಲ್ಲುವಂಥದ್ದು, ನಿಮಗೆಂದು ಭಾವಿಸಬೇಡಿ. ನಮ್ಮ ಭಾಗದ ಸರ್ಕಾರಿ ಆಸ್ಪತ್ರೆಯ ಐಸಿಯುಗೆ ಬಂದಿದ್ದ ಉಸಿರು ಪರೀಕ್ಷಿಸುವ ಯಂತ್ರವನ್ನು ಉದ್ಘಾಟನೆಯ ದಿನವೇ ಕೆಡಿಸಿದವರು ನೀವು. ತಪ್ಪನ್ನು ಅಲ್ಲಿನ ಡಾಕ್ಟರ್ ಶ್ರದ್ಧಾ ಅವರ ತಲೆಗೆ ಕಟ್ಟಿ ನೋಟಿಸು ಕೊಟ್ಟವರೂ ನೀವೇ. ನಾನು ಅಂದು ಅಲ್ಲೇ ನಿಂತಿದ್ದೆ.

ನನ್ನ ತಮ್ಮ ರಘೋತ್ತಮ ಹೂಲಿ ಎಂಬ ಹಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ನೆಲದ ಮೇಲೆ ಮಲಗಿದ್ದಾಗ ಹಾವು ಕಚ್ಚಿತು. ವಿಷ ಏರಿ ಉಸಿರೆಳೆಯಲಾಗದೆ ವೆಂಟಿಲೇಟರಿನ ಕೊಳವೆ ಅವನ ಗಂಟಲಿಗಿಳಿಯಿತು. ಹೀಗಿರುವವರಿಗೆ ಶ್ವಾಸಕೋಶದ ಸೋಂಕು ತಗಲುವುದು ಹೆಚ್ಚು. ರೋಗಿ ಹೊರಬಿಟ್ಟ ಗಾಳಿಯನ್ನು ಪರೀಕ್ಷಿಸಿ, ಸೋಂಕು ಇದೆಯೋ ಇಲ್ಲವೋ ಎಂಬ ಸುಳಿವನ್ನು ಬೇಗ ಕೊಡುವುದು ಆ ಯಂತ್ರದ ಕೆಲಸವೆಂದು ಶ್ರದ್ಧಾ ತಿಳಿಸಿದ್ದರು. ಜೀವನವಿಡೀ ಸಂಸ್ಕೃತ ಕಲಿಸಿದ ನನಗೂ ಅರ್ಥವಾಯಿತು. ನಿಮಗೆ?

ನೀವು ಬೂಟುಗಾಲಲ್ಲೇ ಫೋಟೋಗ್ರಾಫರನೊಂದಿಗೆ ಒಳಬಂದು, ಕಣ್ಣು ಮುಚ್ಚಿ ಮಲಗಿದ್ದ ನನ್ನ ತಮ್ಮನ ಮೇಲೆ ಬಾಗಿ, "ಯಜಮಾನ್ರ, ಜೋರಾಗಿ ಊದ್ರಿ!" ಎಂದಿರಿ.

"ಸರ್, ಅವರಿಗೆ ಊದಾಕ ಆಗಂಗಿಲ್ರಿ. ವೆಂಟಿಲೇಟರ್ ಉಸಿರಾಡಸಾಕ ಹತ್ತೇತಿ. ಆ ಕೊಳವಿಯೊಳಗಿನ ಗಾಳಿನ ತಗೋತೇವ್ರಿ," ಎಂದರು ಶ್ರದ್ಧಾ.

"ಹಂಗಾರ ಫೋಟೋ ಹೆಂಗ ಬರತೈತಿ? ಕೊಡ್ರಿಲ್ಲೆ, ನಾನ ಊದತೇನಿ."

"ಬ್ಯಾಡ್ರಿ ಸರ್, ಎಂಜಲ ಹೋದ್ರ ಕೆಡತೈತಿ!"

ನೀವು ಯಂತ್ರದ ನಳಿಕೆಗೆ ಬಾಯಿಟ್ಟು ಊದಿದಿರಿ. ಬಾಯಲ್ಲಿ ಗುಟ್ಕಾ ಇತ್ತು. ರಸ ಒಳಗಿಳಿದು ಯಂತ್ರ ಕೆಟ್ಟು ನಿಂತಿತು. ಕುಡಿದು ಗಾಡಿ ಓಡಿಸುವವರನ್ನು ಹಿಡಿಯುವ ಪೊಲೀಸರ ಯಂತ್ರವೆಂದು ತಿಳಿದಿರಾ? ಹಾಗೆ ತಿಳಿದಿದ್ದರೆ ಊದುವ ಧೈರ್ಯ ನಿಮಗೆ ಬರುತ್ತಿತ್ತೇ?

ಮರುದಿನ ತಮ್ಮನಿಗೆ ಜ್ವರ ಏರಿತು. ಶ್ರದ್ಧಾ ನನ್ನನ್ನು ಹೊರಗೆ ಕರೆದರು.

"ಅಕ್ಕಾರ, ಸೋಂಕು ಆಗೇತೋ ಇಲ್ಲೋ ತಿಳೀವಲ್ದು. ಕಫದ ವರದಿ ಬರೂತನಕ ಕಾದ್ರ ಜೀವಕ್ಕ ಅಪಾಯ. ಸೋಂಕು ಕೊಲ್ಲೂ ದೊಡ್ಡ ಔಷಧ ಸುರು ಮಾಡಿದ್ರ ಕಿಡ್ನಿಗೆ ಹೊಡತ ಬೀಳಬಹುದರಿ."

"ಜೀವ ಉಳಸ್ರೆವಾ," ಎಂದೆ. ಬೇರೇನು ಹೇಳಲಿ?

ತಡವಾಗಿ ಬಂದ ವರದಿಯ ಪ್ರಕಾರ ಶ್ವಾಸಕೋಶದಲ್ಲಿ ಸೋಂಕೇ ಇರಲಿಲ್ಲ. ಸಲೈನ್ ಸೂಜಿ ಚುಚ್ಚಿದ ಜಾಗ ಬಾತು ಜ್ವರ ಬಂದಿತ್ತು. ಅಷ್ಟರಲ್ಲಿ ಬೇಡದ ಔಷಧ ಅವನ ಕಿಡ್ನಿ ಕೆಡಿಸಿತ್ತು. ಯಂತ್ರದ ಮಾತೇ ಅಂತಿಮವಲ್ಲ, ನಿಜ. ಆದರೆ ಅದರ ಸುಳಿವು ಸಿಕ್ಕಿದ್ದರೆ ಔಷಧ ಬೇಗ ನಿಲ್ಲಿಸುವ ಒಂದು ಅವಕಾಶವಿತ್ತು. ಆ ಅವಕಾಶದ ಮೇಲೆ ನೀವು ಉಗುಳಿದಿರಿ.

ರಘೋತ್ತಮ ಬದುಕಿದ್ದಾನೆ, ಡಯಾಲಿಸಿಸ್‌ಗೆಂದು ಬೆಳಗಾವಿಗೆ ಅಲೆಯುತ್ತಾನೆ. ಮೊನ್ನೆ ಬಸ್ಸಿನಲ್ಲಿ ಕೇಳಿದ: "ಅಕ್ಕಾ, ಹಾವು ಕಚ್ಚಿದ್ದು ಕಾಲಿಗೆ. ಕಿಡ್ನಿಗೆ ಏನ ಕಚ್ಚಿತು?"

ನಾನು ನಿಮ್ಮ ಹುದ್ದೆಯ ಹೆಸರು ಹೇಳಿದೆ.

ಶ್ರದ್ಧಾ ಅವರ ಮೇಲಿನ ನೋಟಿಸನ್ನು ಹಿಂಪಡೆಯಿರಿ. "ಯಂತ್ರ ಕೆಡಿಸಿದ್ದು ನಾನೇ" ಎಂದು ನೀವು ಬರೆದುಕೊಡಿ. ಅದನ್ನು ದುರಸ್ತಿ ಮಾಡಿಸಿ. ಇನ್ನು ಮುಂದೆ ಐಸಿಯುಗೆ ಬಂದರೆ ಬೂಟು, ಗುಟ್ಕಾ, ಫೋಟೋಗ್ರಾಫರನನ್ನು ಹೊರಗೇ ಬಿಡಿ. ಆಮೇಲೆ ಒಳಗೆ ನಿಮಗೆ ಕೆಲಸವೇ ಉಳಿಯದಿದ್ದರೆ ದಯವಿಟ್ಟು ಮನೆಗೆ ಹೋಗಿ.

ಇಂತಿ,
ನಿಮ್ಮಿಂದ ಉತ್ತರ ಬಂದೀತೆಂದು ಕಾಯುವ ಚಟ ಇನ್ನೂ ಬಿಡದ
ತಾರಾಬಾಯಿ
ನಿವೃತ್ತ ಶಿಕ್ಷಕಿ, ಸವದತ್ತಿ